ಕೋರ್ಟಿನ ಹಿಂದಿನ ಬೆಂಚಲ್ಲಿ ಕೂತು ವಿಚಾರಣೆ ನೋಡುವುದು ಹೇಗೆ?

ಕೇಸು ಇದ್ದವರು ಮಾತ್ರ ಕೋರ್ಟಿನ ಮೆಟ್ಟಿಲು ಹತ್ತಬೇಕು ಅಂತೇನಿಲ್ಲ. ಸುಮ್ನೆ ನೋಡಲೂ ಹೋಗಬಹುದು. ಕ್ರಿಮಿನಲ್ ವಿಚಾರಣೆ ನಡೆಯುವ ಜಾಗ ಜನರಿಗೆ ತೆರೆದಿರಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 366ನೇ ಕಲಮೇ ಹೇಳುತ್ತದೆ. ಒಳಗೆ ಜಾಗ ಇರಬೇಕು, ಅಷ್ಟೇ.

ಬೆಂಗಳೂರಲ್ಲಿ ಕೋರ್ಟ್ ಅಂದರೆ ವಿಧಾನಸೌಧದ ಎದುರಿನ ಕೆಂಪು ಅಠಾರ ಕಚೇರಿ ಕಣ್ಣಮುಂದೆ ಬರುತ್ತದೆ, ಅಲ್ವಾ? ಅದು ಹೈಕೋರ್ಟ್. ಅಲ್ಲಿ ಜಾಸ್ತಿ ನಡೆಯುವುದು ವಕೀಲರ ವಾದ, ಅದೂ ಇಂಗ್ಲಿಷಿನಲ್ಲಿ. ಸಾಕ್ಷಿ ಕಟಕಟೆ ಹತ್ತುವುದನ್ನು ನೋಡಬೇಕಾದರೆ ಕೆ.ಜಿ. ರಸ್ತೆಯ ಸಿಟಿ ಸಿವಿಲ್ ಕೋರ್ಟಿಗೆ ಹೋಗಿ. ಹೆಸರಲ್ಲಿ ಸಿವಿಲ್ ಇದ್ದರೂ ಕೊಲೆ, ದರೋಡೆಯಂಥ ಸೆಷನ್ಸ್ ಕೇಸುಗಳೂ ಅಲ್ಲಿ ನಡೆಯುತ್ತವೆ. ಮೆಟ್ರೋದಲ್ಲಿ ಬಂದು ಸೆಂಟ್ರಲ್ ಕಾಲೇಜು ನಿಲ್ದಾಣದಲ್ಲಿ ಇಳಿಯಿರಿ. ಗಾಡಿ ತಂದರೆ ಪಾರ್ಕಿಂಗ್ ಹುಡುಕುವುದೇ ಒಂದು ಕೇಸಾಗುತ್ತದೆ.

ಹಿಂದಿನ ಸಂಜೆಯೇ ಇ-ಕೋರ್ಟ್ಸ್ ವೆಬ್‌ಸೈಟಿನಲ್ಲಿ ಕಾಸ್ ಲಿಸ್ಟ್, ಅಂದರೆ ಮರುದಿನದ ಕೇಸುಗಳ ಪಟ್ಟಿ, ತೆರೆಯಿರಿ. 'ಎಸ್.ಸಿ.' ಅಂದರೆ ಸೆಷನ್ಸ್ ಕೇಸು, 'ಓ.ಎಸ್.' ಅಂದರೆ ಸಿವಿಲ್ ದಾವೆ. 'ಸಿಸಿಎಚ್' ಜೊತೆಗಿರುವ ಅಂಕಿ ಕೋರ್ಟ್ ಹಾಲ್‌ನ ನಂಬರು. 'ಎವಿಡೆನ್ಸ್' (ಸಾಕ್ಷಿ ವಿಚಾರಣೆ) ಹಂತದಲ್ಲಿರುವ ಎರಡು ಮೂರು ಕೇಸು ಗುರುತು ಹಾಕಿಕೊಳ್ಳಿ. ಒಂದೇ ನಂಬಿಕೊಂಡು ಹೋದರೆ, ಸಾಕ್ಷಿ ಬಾರದೆ ಇನ್ನೊಂದು ವಾಯಿದೆ ಬಿದ್ದು ನೀವು ಬಂದ ದಾರಿಗೆ ಸುಂಕವಿಲ್ಲ. ಅತ್ಯಾಚಾರ, ಪೋಕ್ಸೊ (ಮಕ್ಕಳ ಮೇಲಿನ ಲೈಂಗಿಕ ಅಪರಾಧ) ಪ್ರಕರಣಗಳು ಬಾಗಿಲು ಹಾಕಿಕೊಂಡು ನಡೆಯುತ್ತವೆ. ಅವನ್ನು ಬಿಡಿ. ಬೇರೆ ಕೇಸಿನಲ್ಲೂ ನ್ಯಾಯಾಧೀಶರು ಹೊರಗೆ ಹೋಗಿ ಎಂದರೆ ವಾದ ಮಾಡದೆ ಎದ್ದುಬಿಡಿ.

ಗುರುತಿನ ಚೀಟಿ ಜೇಬಿನಲ್ಲಿರಲಿ. ಫೋನ್ ಸೈಲೆಂಟ್ ಸಾಲದು, ಆಫ್ ಮಾಡಿ. ಒಮ್ಮೆ ನನ್ನ ಫೋನು ಗುಂಯ್ ಅಂದಿತು. ಇಡೀ ಹಾಲ್ ತಿರುಗಿ ನೋಡಿತು. ಆವತ್ತಿನ ಸಾಕ್ಷಿಗಿಂತ ಜಾಸ್ತಿ ಬೆವರಿದ್ದು ನಾನೇ. ಫೋಟೊ, ರೆಕಾರ್ಡಿಂಗ್ ಯೋಚನೆಯೇ ಬೇಡ.

ಒಳಗೆ ಹೋಗುವಾಗ, ಹೊರಗೆ ಬರುವಾಗ ಪೀಠದ ಕಡೆ ತಲೆ ಬಾಗಿಸುವುದು ವಾಡಿಕೆ. ಮುಂದಿನ ಕುರ್ಚಿಗಳು ವಕೀಲರವು, ಖಾಲಿ ಇದ್ದರೂ ಕೂರಬೇಡಿ. ಹಿಂದಿನ ಬೆಂಚು ಸಾಕು. ಯಾರಾದರೂ "ಯಾವ ಕೇಸು?" ಅಂತ ಕೇಳಿದರೆ "ವಿಚಾರಣೆ ನೋಡೋಕೆ ಬಂದೆ" ಅನ್ನಿ.

ಬೆಳಿಗ್ಗೆ 11ರಿಂದ ಸ್ವಲ್ಪ ಹೊತ್ತು ಬರೀ ಕೂಗಾಟ. ಕೋರ್ಟಿನ ಜವಾನ ದಲಾಯತ್ ಬಾಗಿಲಲ್ಲಿ ನಿಂತು ಹೆಸರು ಕೂಗುತ್ತಾರೆ, ಕಡತ ತೆರೆಯುತ್ತದೆ, ಮುಂದಿನ ದಿನಾಂಕ ಬೀಳುತ್ತದೆ. ಬಹಳಷ್ಟು ಜನ ಇಲ್ಲೇ ಬೇಜಾರಾಗಿ ಎದ್ದು ಹೋಗುತ್ತಾರೆ. ನೀವು ಕೂತಿರಿ. ನಿಜವಾದ ವಿಚಾರಣೆ ಆಮೇಲೆ.

ಸಾಕ್ಷಿ ಪ್ರಮಾಣ ಮಾಡುತ್ತಾರೆ. ಮೊದಲು ಅವರನ್ನು ಕರೆಸಿದವರ ಕಡೆಯ ಪ್ರಶ್ನೆಗಳು, ಅದು ಮುಖ್ಯ ವಿಚಾರಣೆ. ನಂತರ ಎದುರಾಳಿ ವಕೀಲರ ಪಾಟಿ ಸವಾಲು. ಇಲ್ಲಿ ಕಿವಿ ಚುರುಕಾಗಿರಲಿ. "ಲೈಟ್ ಕಂಬ ಇತ್ತು ಸಾರ್, ಆದ್ರೆ ಉರೀತಿರ್ಲಿಲ್ಲ" ಎಂದು ಸಾಕ್ಷಿ ಹೇಳುತ್ತಾರೆ ಅಂದುಕೊಳ್ಳಿ. ಅದು ಹಾಗೇ ದಾಖಲಾಗುವುದಿಲ್ಲ. ನ್ಯಾಯಾಧೀಶರು ಟೈಪಿಸ್ಟಿಗೆ ಹೇಳಿ ಬರೆಸುತ್ತಾರೆ: "ಆ ಸ್ಥಳದಲ್ಲಿ ಬೀದಿ ದೀಪ ಉರಿಯುತ್ತಿರಲಿಲ್ಲ ಎಂದರೆ ಸರಿ." ಈ 'ಎಂದರೆ ಸರಿ', 'ಎಂದರೆ ಸರಿಯಲ್ಲ' ಕೋರ್ಟಿನದೇ ಕನ್ನಡ. ವಕೀಲರು ಮುಂದಿಟ್ಟ ಮಾತನ್ನು ಸಾಕ್ಷಿ ಒಪ್ಪಿದರೋ ಇಲ್ಲವೋ ಅನ್ನುವುದು ಅದರಲ್ಲಿದೆ. ಆ ಒಂದು ದೀಪದ ಮೇಲೆ ವಕೀಲರು ಹತ್ತು ನಿಮಿಷ ಯಾಕೆ ನಿಂತರು ಅನ್ನುವುದು ಮುಂದಿನ ಪ್ರಶ್ನೆಗೆ ಹೊಳೆಯುತ್ತದೆ: ಕತ್ತಲಲ್ಲಿ ಮುಖ ಹೇಗೆ ಕಂಡಿತು?

ಕೊನೆಗೆ "ನಾನು ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ" ಎಂಬ ಸಾಲು ಕೇಳಿಸಿದರೆ, ಪಾಟಿ ಸವಾಲು ಮುಗಿಯುತ್ತಾ ಬಂತು ಅಂತ ತಿಳಿಯಿರಿ. ಸಾಕ್ಷಿ ಸಹಿ ಹಾಕಿ ಕೆಳಗಿಳಿಯುತ್ತಾರೆ. ಮುಂದಿನ ದಿನಾಂಕ ಕೂಗಿದಾಗ ಬರೆದುಕೊಂಡು ಎದ್ದೇಳಿ.