ಓಸ್ಟೋರಿಯಸ್‌ನ ಗುಡ್ಡ ಹುಡುಕಿದ ನನ್ನ ಅನುಭವ

ಎರಡು ವರ್ಷ ನಾನು ತಪ್ಪು ಜಾಗದಲ್ಲಿ ನಿಂತು ನೋಡಿದೆ. ಗುಡ್ಡದ ತುದಿಗೆ ಹತ್ತುವುದು, ಬುತ್ತಿ ಬಿಚ್ಚುವುದು, ಕೆಳಗಿನ ಕಣಿವೆ ನೋಡುತ್ತಾ "ಇಲ್ಲೇ ನಡೆದಿರಬಹುದಾ ಯುದ್ಧ?" ಅಂತ ಯೋಚಿಸುವುದು. ನನಗೆ ಬೇಕಾಗಿದ್ದ ಮನುಷ್ಯ ಮಾತ್ರ ತುದಿಯಲ್ಲಿ ಇರಲೇ ಇಲ್ಲ. ಅವನು ನಿಂತಿದ್ದು ಕೆಳಗೆ, ಹೊಳೆಯ ಆಚೆ ದಡದಲ್ಲಿ.

ನಾನು ಇತಿಹಾಸ ಓದಿಕೊಂಡವನಲ್ಲ. ಸಾಫ್ಟ್‌ವೇರ್ ಕೆಲಸಕ್ಕೆ ಅಂತ ಇಂಗ್ಲೆಂಡಿಗೆ ಬಂದು ಬರ್ಮಿಂಗ್‌ಹ್ಯಾಮ್‌ನಲ್ಲಿ ಉಳಿದವನು. ಶನಿವಾರ ಬಂದರೆ ರೈಲು ಹತ್ತಿ ವೇಲ್ಸ್ ಗಡಿಯ ಗುಡ್ಡಗಳ ಕಡೆ ಹೋಗುವ ಚಟ. ಆ ಚಟಕ್ಕೆ ಒಂದು ನೆಪ ಬೇಕಿತ್ತು, ಪಬ್ಲಿಯಸ್ ಓಸ್ಟೋರಿಯಸ್ ಸ್ಕಾಪುಲಾ ಸಿಕ್ಕಿದ. ಕ್ರಿ.ಶ. 43ರಲ್ಲಿ ಚಕ್ರವರ್ತಿ ಕ್ಲಾಡಿಯಸ್‌ನ ಸೇನೆ ಬ್ರಿಟನ್ನಿಗೆ ಇಳಿಯಿತಲ್ಲ, ಅದಾದ ನಾಲ್ಕು ವರ್ಷಕ್ಕೆ, 47ರಲ್ಲಿ, ಈತ ಆ ಹೊಸ ಪ್ರಾಂತ್ಯದ ಎರಡನೇ ಅಧಿಪತಿಯಾಗಿ ಬಂದ. 52ರಲ್ಲಿ ಅಲ್ಲೇ ಸತ್ತ. ಮಧ್ಯೆ, 51ರ ಸುಮಾರಿಗೆ, ಕರಟಾಕಸ್ ಎಂಬ ಬ್ರಿಟನ್ ನಾಯಕನನ್ನು ಒಂದು ಗುಡ್ಡದಲ್ಲಿ ಸೋಲಿಸಿದ. ಆ ಗುಡ್ಡ ಯಾವುದು ಅಂತ ಇವತ್ತಿಗೂ ತೀರ್ಮಾನವಾಗಿಲ್ಲ.

ಈ ಕಥೆಗೆಲ್ಲ ಆಧಾರ ಒಬ್ಬನೇ, ರೋಮನ್ ಇತಿಹಾಸಕಾರ ಟ್ಯಾಸಿಟಸ್. ಅವನ 'ಆನಲ್ಸ್' ಗ್ರಂಥದ 12ನೇ ಭಾಗದಲ್ಲಿ ಒಂಬತ್ತು ಪುಟ್ಟ ಅಧ್ಯಾಯ. ಕೂತರೆ ಅರ್ಧ ಗಂಟೆಯಲ್ಲಿ ಓದಿ ಮುಗಿಸಬಹುದು. ಅದೂ ನಮ್ಮ ಕೈಗೆ ಬಂದಿರುವುದು 11ನೇ ಶತಮಾನದ ಒಂದೇ ಒಂದು ಹಸ್ತಪ್ರತಿಯ ಮೂಲಕ. ಇಟಲಿಯ ಮೋಂಟೆ ಕಸ್ಸೀನೋ ಮಠದಲ್ಲಿ ನಕಲು ಮಾಡಿದ ಪ್ರತಿ ಅದು, ಈಗ ಫ್ಲಾರೆನ್ಸ್‌ನಲ್ಲಿದೆ. ನಕಲು ಮಾಡಿದವರು ಒಂದು ಕಡೆ ನದಿಯ ಹೆಸರನ್ನೇ ಕೆಡಿಸಿಟ್ಟಿದ್ದಾರೆ. ಓಸ್ಟೋರಿಯಸ್ ಯಾವ ನದಿಯಿಂದ ಸೆವರ್ನ್ ನದಿಯವರೆಗೆ ಹತೋಟಿಗೆ ತಂದ ಎಂಬ ಕಡೆ ಅಕ್ಷರಗಳು ಕಲಸಿಹೋಗಿವೆ. ಅದು ಟ್ರೆಂಟ್ ನದಿ ಅಂತ ವಿದ್ವಾಂಸರು ತಿದ್ದಿ ಓದುತ್ತಾರೆ. ಒಂದು ಪದ ತಿದ್ದಿದರೆ ನಕ್ಷೆಯಲ್ಲಿ ನೂರಾರು ಮೈಲಿ ನೆಲ ಅತ್ತಿತ್ತ ಆಗುತ್ತದೆ, ನೋಡಿ.

ನಾನು ಮೊದಲು ಮಾಡಿದ ಕೆಲಸ, ಆ ಒಂಬತ್ತು ಅಧ್ಯಾಯಗಳನ್ನು ಕನ್ನಡದಲ್ಲಿ ನೋಟ್‌ಬುಕ್‌ಗೆ ಬರೆದುಕೊಂಡಿದ್ದು. ಯಾರಿಗೂ ತೋರಿಸಲು ಅಲ್ಲ. ಇಂಗ್ಲಿಷ್ ಅನುವಾದ ಓದುವಾಗ ಕಣ್ಣು ಜಾರಿ ಮುಂದಕ್ಕೆ ಹೋಗಿಬಿಡುತ್ತದೆ. ಕನ್ನಡಕ್ಕೆ ತರಲು ಕೂತರೆ ಪ್ರತಿ ಪದದ ಹತ್ತಿರವೂ ನಿಲ್ಲಲೇಬೇಕು. ಓಸ್ಟೋರಿಯಸ್‌ನ ಹುದ್ದೆಗೆ ಏನನ್ನುವುದು? 'ರಾಜ್ಯಪಾಲ' ಅಂದರೆ ರಾಜಭವನದಲ್ಲಿ ಕೂತು ಸಹಿ ಹಾಕುವವರ ನೆನಪಾಗುತ್ತದೆ. 'ಸೇನಾಪತಿ' ಅಂದರೆ ನ್ಯಾಯ, ತೆರಿಗೆ, ಭೂಮಿ ಹಂಚಿಕೆ ಎಲ್ಲ ಬಿಟ್ಟುಹೋಗುತ್ತದೆ. ಕೊನೆಗೆ ನಮ್ಮ ಶಾಸನಗಳ 'ದಂಡನಾಯಕ'ನೇ ಸರಿಹೋದ. ಹೊಯ್ಸಳರ ಕಾಲದ ದಂಡನಾಯಕ ದಂಡೂ ನಡೆಸುತ್ತಿದ್ದ, ನಾಡೂ ಆಳುತ್ತಿದ್ದ. ಈ ಮನುಷ್ಯನೂ ಹಾಗೆಯೇ.

ಬಂದ ವರ್ಷವೇ ಅವನಿಗೆ ಕಾಟ. ಚಳಿಗಾಲ ಶುರುವಾಗಿತ್ತು. ಹೊಸ ಅಧಿಪತಿ, ಗೊತ್ತಿಲ್ಲದ ಸೈನ್ಯ, ಈಗ ಹೊರಡಲಾರ ಅಂದುಕೊಂಡು ಶತ್ರುಗಳು ರೋಮನ್ನರ ಮಿತ್ರರ ನೆಲಕ್ಕೆ ನುಗ್ಗಿದರು. ಇವನು ಕಾಯಲಿಲ್ಲ. ಹಗುರ ಪಡೆಗಳನ್ನು ಎತ್ತಿಕೊಂಡು ಹೊಡೆದಟ್ಟಿದ. ಆಮೇಲೆ ಬೆನ್ನ ಹಿಂದೆ ಅನುಮಾನ ಬಂದವರ ಆಯುಧಗಳನ್ನೆಲ್ಲ ಕಿತ್ತುಕೊಂಡ. ನನ್ನ ಪ್ರಕಾರ ಅಲ್ಲೇ ಎಡವಿದ್ದು. ಐಕೇನಿ ಬುಡಕಟ್ಟಿನವರು ಸೋತು ಶರಣಾದವರಲ್ಲ, ತಾವಾಗಿ ಸ್ನೇಹಕ್ಕೆ ಬಂದವರು. ಅವರ ಕತ್ತಿಗೂ ಕೈ ಹಾಕಿದ್ದಕ್ಕೆ ಅವರು ತಿರುಗಿಬಿದ್ದರು. ಲೀಜನ್ ಎಂಬ ರೋಮನ್ನರ ಮುಖ್ಯ ಸೇನಾ ದಳಗಳಿಲ್ಲದೆಯೇ ಅವರನ್ನು ಅಡಗಿಸಿದ, ಆ ಕಾಳಗದಲ್ಲಿ ಅವನ ಮಗ ಒಬ್ಬ ರೋಮನ್ ಪ್ರಜೆಯ ಜೀವ ಉಳಿಸಿದ್ದಕ್ಕೆ ಗೌರವವನ್ನೂ ಪಡೆದ. 49ರಲ್ಲಿ ಇವತ್ತಿನ ಕೋಲ್‌ಚೆಸ್ಟರ್‌ನಲ್ಲಿ ನಿವೃತ್ತ ಸೈನಿಕರ ವಸಾಹತು ಆಯಿತು. ಅಲ್ಲಿದ್ದ ಲೀಜನ್ ಪಶ್ಚಿಮಕ್ಕೆ ಹೊರಟಿತು. ಆ ಊರಿನ ಕೋಟೆ ಮ್ಯೂಸಿಯಂನಲ್ಲಿ ಫವೋನಿಯಸ್ ಫಸಿಲಿಸ್ ಎಂಬ 20ನೇ ಲೀಜನ್ನಿನ ಸೆಂಚೂರಿಯನ್‌ನ, ಅಂದರೆ ದಳಾಧಿಕಾರಿಯ, ಸಮಾಧಿ ಕಲ್ಲಿದೆ. ಕೈಯಲ್ಲಿ ದ್ರಾಕ್ಷಿಬಳ್ಳಿಯ ಕೋಲು, ಸೊಂಟದಲ್ಲಿ ಕತ್ತಿ. ಓಸ್ಟೋರಿಯಸ್‌ನ ಮುಖ ನೋಡಲು ನಮಗೆ ಯಾವ ವಿಗ್ರಹವೂ ಇಲ್ಲ. ಹಾಗಾಗಿ ಅವನ ಸೈನ್ಯದ ಗತ್ತು ನೋಡಬೇಕಾದರೆ ಈ ಕಲ್ಲನ್ನೇ ನೋಡಬೇಕು.

ಇನ್ನು ಗುಡ್ಡದ ವಿಷಯ. ಯುದ್ಧಭೂಮಿಯ ಬಗ್ಗೆ ಟ್ಯಾಸಿಟಸ್ ಹೇಳಿದ್ದನ್ನು ಒಂದು ಪುಟದಲ್ಲಿ ಬೇರೆ ಬರೆದುಕೊಂಡೆ. ಆರ್ಡೋವಿಕರ ನಾಡು, ಅಂದರೆ ಮಧ್ಯ ಮತ್ತು ಉತ್ತರ ವೇಲ್ಸ್ ಕಡೆ. ಒಂದು ಕಡೆ ಕಡಿದಾದ ಗುಡ್ಡ. ಇಳಿಜಾರು ಸಲೀಸಾಗಿದ್ದಲ್ಲಿ ಕಲ್ಲು ಪೇರಿಸಿ ಕಟ್ಟಿದ ಒಡ್ಡು. ಮುಂದೆ ಒಂದು ಹೊಳೆ, ಅದರ ದಾಟುಜಾಗ ನಂಬುವಂತಿಲ್ಲ. ಇಷ್ಟೇ. ಇದನ್ನಿಟ್ಟುಕೊಂಡು ದೊಡ್ಡ ಅಳತೆಯ ನಕ್ಷೆಯಲ್ಲಿ ಹಳೇ ಕೋಟೆಗಳನ್ನೂ ಹೊಳೆಗಳನ್ನೂ ಗುರುತು ಹಾಕಿದೆ.

ಆದರೆ ಮೊದಲು ಹೋಗಿದ್ದು ಹೆಸರು ನೋಡಿ. ಚರ್ಚ್ ಸ್ಟ್ರೆಟನ್ ರೈಲ್ವೆ ನಿಲ್ದಾಣದ ಹತ್ತಿರವೇ ಕೇರ್ ಕ್ಯಾರಡಾಕ್ ಅಂತ 459 ಮೀಟರ್ ಎತ್ತರದ ಗುಡ್ಡ ಇದೆ. ಹೆಸರಿನ ಅರ್ಥವೇ ಕ್ಯಾರಡಾಕ್‌ನ, ಅಂದರೆ ಕರಟಾಕಸ್‌ನ, ಕೋಟೆ, ತುದಿಯ ಹತ್ತಿರ ಅವನ ಹೆಸರಿನ ಗವಿ ಬೇರೆ. ಏದುಸಿರು ಬಿಡುತ್ತಾ ಹತ್ತಿದೆ. ಚಿತ್ರದುರ್ಗದ ಕೋಟೆ ನೋಡಿದವರಿಗೆ ಗಾತ್ರ ಏನೂ ಅನ್ನಿಸದು. ಗಾಳಿ ಮಾತ್ರ ಟೋಪಿ ಕಿತ್ತುಕೊಂಡು ಹೋಯಿತು. ಎಲ್ಲ ಚೆನ್ನಾಗಿದೆ, ಹೊಳೆ ಎಲ್ಲಿ? ಕೆಳಗಿರುವುದು ಮಕ್ಕಳು ಹಾರಿ ದಾಟುವಂಥ ತೊರೆ. ಸೆವರ್ನ್ ಕಿಲೋಮೀಟರ್‌ಗಟ್ಟಲೆ ದೂರ. ಮಾಲ್ವರ್ನ್ ಬೆಟ್ಟದ ಬ್ರಿಟಿಷ್ ಕ್ಯಾಂಪ್ ಎಂಬ ಹಳೇ ಕೋಟೆಯದೂ ಇದೇ ಗತಿ. ಜನ ಅದನ್ನೇ ಕರಟಾಕಸ್‌ನ ಗುಡ್ಡ ಅಂತಾರೆ, ನೋಡಲು ಬಲು ಸೊಗಸು, ಆದರೆ ಹೊಳೆ ದೂರ, ನಾಡೂ ಬೇರೆ. ಹೆಸರಿನ ಬೆನ್ನು ಹತ್ತಿ ನಾಲ್ಕೈದು ಶನಿವಾರ ಸುಮ್ನೆ ಕಳೆದೆ.

ಆಮೇಲೆ ಲ್ಯಾನಮನಕ್. ಇಂಗ್ಲೆಂಡ್, ವೇಲ್ಸ್ ಗಡಿ ಹಾದುಹೋಗುವ ಸುಣ್ಣಕಲ್ಲಿನ ಗುಡ್ಡ. ಮೇಲೆ ಬಹಳ ದೊಡ್ಡ ಕೋಟೆಯ ಗುರುತು, ಕೆಳಗೆ ವರ್ನ್ವಿ ಹೊಳೆ. ಮೊದಲ ಸಲ ಪುಟದಲ್ಲಿ ಎಲ್ಲ ಸಾಲಿಗೂ ಟಿಕ್ ಬಿತ್ತು. ಖುಷಿಗೆ ಪಾರವಿಲ್ಲ. ಆದರೆ ಕಲ್ಲು ಗಣಿಗಾರಿಕೆ ಗುಡ್ಡದ ಒಂದು ಮೈಯನ್ನೇ ತಿಂದುಹಾಕಿದೆ, ತುದಿಯಲ್ಲಿ ಗಾಲ್ಫ್ ಮೈದಾನ. ಎರಡು ಸಾವಿರ ವರ್ಷದ ಹಿಂದಿನ ಇಳಿಜಾರು ಹೇಗಿತ್ತು ಅಂತ ಅಲ್ಲಿ ನಿಂತು ಹೇಳುವುದು ಕಷ್ಟ. ಯುದ್ಧದ ಗುರುತು ಹುಡುಕುತ್ತಿದ್ದವನ ತಲೆಯ ಮೇಲೆ ಚೆಂಡು ಹಾರಿಹೋಯಿತು ಅಷ್ಟೇ.

ಬ್ರೈಡನ್ ಗುಡ್ಡಕ್ಕೆ ಹೋದ ದಿನ ಮಳೆ. ಹತ್ತುವುದು ಬೇಡ ಅನ್ನಿಸಿ ಸೆವರ್ನ್ ದಡದಲ್ಲೇ ಅಡ್ಡಾಡುತ್ತಿದ್ದೆ. ಎದುರಿಗೆ ಗೋಡೆಯ ಹಾಗೆ ಎದ್ದು ನಿಂತ ಗುಡ್ಡ, ಅರ್ಧ ಮೋಡದಲ್ಲಿ. ಮೀನು ಹಿಡಿಯುತ್ತಿದ್ದ ಒಬ್ಬ ಅಜ್ಜನನ್ನು "ಇಲ್ಲಿ ನಡೆದು ದಾಟಬಹುದಾ?" ಅಂತ ಕೇಳಿದೆ. "ಹೋದ ವಾರ ಕೇಳಿದ್ದರೆ ಹೌದು ಅಂತಿದ್ದೆ" ಅಂದರು.

ನೋಟ್‌ಬುಕ್‌ನಲ್ಲಿ ನಾನು 'ದಾಟುಜಾಗ ಸರಿಯಾಗಿ ಗೊತ್ತಿಲ್ಲದ ಹೊಳೆ' ಅಂತ ಬರೆದಿದ್ದೆ, ರೋಮನ್ನರಿಗೆ ದಾರಿ ತಿಳಿಯದು ಅನ್ನುವ ಹಾಗೆ. ಅದನ್ನು ಹೊಡೆದುಹಾಕಿ 'ಇವತ್ತು ದಾಟಿಸಿ ನಾಳೆ ಮುಳುಗಿಸುವ ಹೊಳೆ' ಅಂತ ತಿದ್ದಿದೆ. ಮತ್ತೆ ತಲೆಯೆತ್ತಿ ನೋಡಿದಾಗ ಮುಂದಿನ ಸಾಲೂ ಬೇರೆಯಾಗಿ ಕಂಡಿತು. ಈ ನೋಟಕ್ಕೆ ದಂಡನಾಯಕ ದಂಗಾದ ಅಂತ ಟ್ಯಾಸಿಟಸ್ ಬರೆಯುತ್ತಾನೆ. ಎದುರಿಗೆ ಹೊಳೆ, ಅದರಾಚೆ ಒಡ್ಡು, ಮೇಲೆ ಕವಿದು ನಿಂತ ಗುಡ್ಡಸಾಲು, ಎಲ್ಲೆಲ್ಲೂ ಜನ. ನುಗ್ಗೋಣ ಅಂತ ಕೂಗಿದ್ದು ಸೈನಿಕರು, ಅವನಲ್ಲ. ಅವನು ಮೊದಲು ಎಲ್ಲಿ ಹೋಗಬಹುದು, ಎಲ್ಲಿ ಆಗದು ಅಂತ ನೋಡಿ ಬಂದ. ಆಮೇಲೆ ಮುಂದೆ ನಡೆದ. ಹೊಳೆ ಸಲೀಸಾಗಿ ದಾಟಿದರಂತೆ. ಒಡ್ಡಿನ ಹತ್ತಿರ, ದೂರದಿಂದ ಆಯುಧ ಎಸೆಯುವ ಕಾಳಗ ನಡೆಯುವವರೆಗೆ, ಏಟು ತಿಂದವರಲ್ಲಿ ರೋಮನ್ನರೇ ಜಾಸ್ತಿ. ಗುರಾಣಿಗಳನ್ನು ತಲೆಯ ಮೇಲೆ ಜೋಡಿಸಿ ಆಮೆಯ ಹಾಗೆ ಮುಂದುವರಿದು ಕಲ್ಲುಗಳನ್ನು ಕಿತ್ತ ಮೇಲೆ ಆಟ ಮುಗಿಯಿತು. ಬ್ರಿಟನ್ನರಿಗೆ ಕವಚವೂ ಇಲ್ಲ, ಶಿರಸ್ತ್ರಾಣವೂ ಇಲ್ಲ.

ಹಾಗಂತ ಬ್ರೈಡನ್ನೇ ಆ ಗುಡ್ಡ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಹೊಳೆಯ ಕಡೆ ಇರುವುದು ಬರೀ ಬಂಡೆ. ಕೋಟೆಯ ಒಡ್ಡುಗಳಿರುವುದು ಹಿಂಬದಿಯ ಸಲೀಸು ಮೈಯಲ್ಲಿ. ಹೊಳೆ ದಾಟಿ ಬಂದವನಿಗೆ ಮೊದಲು ಒಡ್ಡು ಸಿಗಬೇಕಲ್ವಾ? ಆದರೂ ಅವತ್ತಿನಿಂದ ನನ್ನ ಕ್ರಮ ಬದಲಾಯಿತು. ಈಗ ಯಾವ ಗುಡ್ಡಕ್ಕೆ ಹೋದರೂ ಮೊದಲು ಹೊಳೆಯ ಆಚೆ ದಡ. ಅರ್ಧ ಗಂಟೆ ಅಲ್ಲಿ. ಆಮೇಲೆ ಹತ್ತುವುದು.

ಕರಟಾಕಸ್ ತಪ್ಪಿಸಿಕೊಂಡು ಬ್ರಿಗಾಂಟರೆಂಬ ಬುಡಕಟ್ಟಿನ ರಾಣಿ ಕಾರ್ಟಿಮಾಂಡುವಾ ಹತ್ತಿರ ಹೋದ, ಅವಳು ಅವನನ್ನು ಕಟ್ಟಿ ರೋಮನ್ನರಿಗೆ ಒಪ್ಪಿಸಿದಳು, ಕ್ಲಾಡಿಯಸ್ ಕ್ಷಮಿಸಿದ. ಈ ಭಾಗ ಎಲ್ಲರಿಗೂ ಗೊತ್ತು. ರೋಮ್‌ನಲ್ಲಿ ಓಸ್ಟೋರಿಯಸ್‌ಗೆ ವಿಜಯದ ಗೌರವವೂ ಸಿಕ್ಕಿತು. ನನ್ನನ್ನು ಹಿಡಿದಿಟ್ಟಿದ್ದು ಅದರ ನಂತರದ ಒಂದು ವರ್ಷ.

ದಕ್ಷಿಣ ವೇಲ್ಸ್‌ನ ಸಿಲೂರರು ಸೋಲನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ. ಅವರ ನಾಡಿನಲ್ಲಿ ಠಾಣೆ ಕಟ್ಟಲು ಬಿಟ್ಟಿದ್ದ ದಳವನ್ನು ಸುತ್ತುವರಿದರು. ಶಿಬಿರದ ಮುಖ್ಯಾಧಿಕಾರಿಯೂ ಎಂಟು ಸೆಂಚೂರಿಯನ್‌ಗಳೂ ಸತ್ತರು. ಮೇವಿಗೆ ಹೋದವರು ಓಡಿಬಂದರು, ಅವರ ನೆರವಿಗೆ ಹೋದ ಕುದುರೆ ದಳವೂ ಓಡಿಬಂತು. ಲೂಟಿಯ ಆಸೆಗೆ ಎಚ್ಚರ ತಪ್ಪಿದ ಎರಡು ಸಹಾಯಕ ದಳಗಳನ್ನು ಸಿಲೂರರು ಇಡಿಯಾಗಿ ಹಿಡಿದರು. ಸಿಕ್ಕ ಸಾಮಾನು, ಸೆರೆಯಾಳುಗಳನ್ನು ಬೇರೆ ಬುಡಕಟ್ಟುಗಳಿಗೂ ಹಂಚಿ ಅವರನ್ನೂ ಎಬ್ಬಿಸಿದರು. ಸಿಲೂರರ ಹೆಸರೇ ಉಳಿಯಬಾರದು ಅಂತ ಓಸ್ಟೋರಿಯಸ್ ಹೇಳಿದ್ದ. ಆ ಮಾತು ಅವರ ಕಿವಿಗೂ ಬಿದ್ದು ಅವರು ಇನ್ನಷ್ಟು ಹಟ ಹಿಡಿದರು. ಇಷ್ಟರಲ್ಲಿ, ಚಿಂತೆಯಿಂದ ದಣಿದು, ಅವನು ತೀರಿಕೊಂಡ. ಯುದ್ಧದಲ್ಲಿ ಸಾಯದಿದ್ದರೂ ಯುದ್ಧವೇ ಅವನನ್ನು ತಿಂದಿತು ಅಂತ ಶತ್ರುಗಳು ಸಂತೋಷಪಟ್ಟರಂತೆ. ಸಿಲೂರರು ಮಣಿದಿದ್ದು ಸುಮಾರು 25 ವರ್ಷದ ಮೇಲೆ, ಆಮೇಲಿನ ಅಧಿಪತಿ ಫ್ರಾಂಟಿನಸ್‌ನ ಕಾಲದಲ್ಲಿ.

ಆ ನಾಡನ್ನೂ ನೋಡೋಣ ಅಂತ ಹೋದ ನವೆಂಬರ್‌ನಲ್ಲಿ ಅಸ್ಕ್ ಊರಿಗೆ ಹೋಗಿದ್ದೆ. ಓಸ್ಟೋರಿಯಸ್ ಸತ್ತ ಕೆಲವು ವರ್ಷಕ್ಕೆ ರೋಮನ್ನರು ಅಲ್ಲಿ ಲೀಜನ್ ಕೋಟೆ ಕಟ್ಟಿದರು. ಈಗ ಎಲ್ಲ ಊರಿನ ಅಡಿಯಲ್ಲಿ ಹೂತುಹೋಗಿದೆ. ಊರಾಚೆ ನಡೆದರೆ ಒಂದು ದಿಣ್ಣೆ, ಅದರ ಹಿಂದೆ ಕಣಿವೆ, ಮತ್ತೆ ದಿಣ್ಣೆ, ಮತ್ತೆ ಕಣಿವೆ. ನಾಲ್ಕು ಗಂಟೆಗೇ ಕತ್ತಲಾಯಿತು. ದಾರಿ ತಪ್ಪಿ, ಒಂದೇ ಬೇಲಿಯನ್ನು ಎರಡು ಸಲ ದಾಟಿದೆ.

ರಾತ್ರಿ ಅಮ್ಮ ಫೋನ್ ಮಾಡಿದ್ದಳು. "ಇವತ್ತಾದರೂ ಸಿಕ್ತೇನೋ ನಿನ್ನ ಗುಡ್ಡ?"

"ಇವತ್ತು ಗುಡ್ಡ ಹುಡುಕಲಿಲ್ಲಮ್ಮ."

"ಮತ್ತೆ ಅಷ್ಟು ದೂರ ಯಾಕೆ ಹೋಗಿದ್ದೆ? ಕಾಲಿಗೆ ಬಿಸಿನೀರು ಹಾಕ್ಕೊ, ಮಲಗು."

ನೋಟ್‌ಬುಕ್‌ನ ಆ ಪುಟದಲ್ಲಿ ಇನ್ನೊಂದು ಹೆಸರು ಹಾಗೇ ಇದೆ, ಕೇರ್‌ಸೂಸ್ ಹತ್ತಿರದ ಕೆವನ್ ಕಾರ್ನೆತ್. ಅದರ ಕೆಳಗೆ ಹರಿಯುವುದೂ ಸೆವರ್ನ್, ಮೇಲೆ ಕೋಟೆ. ಮಾರ್ಚ್‌ನಲ್ಲಿ, ಹೊಳೆ ತುಂಬಿದ್ದಾಗ ಒಮ್ಮೆ ಹೋಗಬೇಕು. ಆಗಸ್ಟ್‌ನಲ್ಲಿ ಇನ್ನೊಮ್ಮೆ.