ಡ್ರೈವ್ ಸರಿಯಿತ್ತು, ತಪ್ಪು ಮೋಟಾರಿನ ಡಬ್ಬದಲ್ಲಿತ್ತು

ತೀರ್ಥಹಳ್ಳಿ ಹತ್ತಿರ ನಮ್ಮ ಮನೆಯ ಅಡಿಕೆ ಸುಲಿಯುವ ಯಂತ್ರಕ್ಕೆ ಸಿಂಗಲ್ ಫೇಸ್‌ನಲ್ಲಿ ನಡೆಯುವ ವಿಎಫ್‌ಡಿ (ಸಿಂಗಲ್ ಫೇಸ್ ಕರೆಂಟನ್ನು ಮೂರು ಫೇಸ್ ಮಾಡಿ ಮೋಟಾರಿನ ವೇಗ ಹೊಂದಿಸುವ ಡ್ರೈವ್) ಹಾಕಿದ್ದೆ. ಖಾಲಿ ಓಡಿಸಿದರೆ ಚೆನ್ನಾಗಿತ್ತು, ಅಡಿಕೆ ಸುರಿದ ಕೂಡಲೇ ಗುಂಯ್ ಎಂದು ಟ್ರಿಪ್. ಎರಡು ದಿನ ಸುಮ್ನೆ ಸೆಟ್ಟಿಂಗ್ ಕೆದಕಿದೆ. ಕೊನೆಗೆ ಮೋಟಾರಿನ ಟರ್ಮಿನಲ್ ಡಬ್ಬ ಬಿಚ್ಚಿದರೆ ವೈಂಡಿಂಗ್ ತುದಿ ಜೋಡಿಸುವ ಪಟ್ಟಿಗಳು ಸ್ಟಾರ್‌ನಲ್ಲಿ (ಮೂರೂ ವೈಂಡಿಂಗ್‌ನ ಒಂದೊಂದು ತುದಿ ಒಂದೇ ಕಡೆ ಸೇರುವ ಜೋಡಣೆ)! ನೇಮ್‌ಪ್ಲೇಟ್‌ನಲ್ಲಿ ಡೆಲ್ಟಾಕ್ಕೆ (ವೈಂಡಿಂಗ್‌ಗಳು ತ್ರಿಕೋನದ ಹಾಗೆ ಸೇರುವ ಜೋಡಣೆ) 230, ಸ್ಟಾರ್‌ಗೆ 415 ವೋಲ್ಟ್ ಅಂತ ಬರೆದೇ ಇತ್ತು, ನೋಡಿರಲಿಲ್ಲ ಅಷ್ಟೇ. ಈ ಡ್ರೈವ್ ಕೊಡುವುದೇ 230, ಹಾಗಾಗಿ ಒಂದೊಂದು ವೈಂಡಿಂಗ್‌ಗೆ ಸುಮಾರು 133 ವೋಲ್ಟ್ ಮಾತ್ರ ಸಿಕ್ಕಿ ಟಾರ್ಕ್ (ತಿರುಗಿಸುವ ಬಲ) ಮೂರನೇ ಒಂದು ಭಾಗಕ್ಕೆ ಇಳಿದಿತ್ತು. ಕರೆಂಟ್ ತೆಗೆದು ಹತ್ತು ನಿಮಿಷ ಕಾದೆ (ಡ್ರೈವ್ ಒಳಗಿನ ಕೆಪಾಸಿಟರ್ ಆಮೇಲೂ ಶಾಕ್ ಹೊಡೆಯುತ್ತದೆ), ಪಟ್ಟಿಗಳನ್ನು ಡೆಲ್ಟಾಕ್ಕೆ ಹಾಕಿದೆ, ಡ್ರೈವ್‌ನಲ್ಲಿ ಡೆಲ್ಟಾದ ಆಂಪಿಯರ್ ತುಂಬಿ, ಬೆಲ್ಟ್ ಕಳಚಿ ಆಟೋ ಟ್ಯೂನಿಂಗ್ (ಡ್ರೈವ್ ತಾನೇ ಮೋಟಾರನ್ನು ಅಳೆದು ಹೊಂದಿಕೊಳ್ಳುವುದು) ಮಾಡಿದೆ. ಈಗ ಹಸಿ ಅಡಿಕೆ ಜಾಸ್ತಿ ಸುರಿದರೂ ನಿಲ್ಲುತ್ತಿಲ್ಲ.