ಹೊಸದಾಗಿ ಕಟ್ಟುತ್ತಿರುವ ಬೇಸ್‌ಬಾಲ್ ತಂಡಕ್ಕೆ ಹಿರಿಯ ಆಟಗಾರ ಬೇಕಾ? ಹೀಗೆ ನೋಡಿ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್‌ನಲ್ಲಿ ನಿಮ್ಮ ಮೆಚ್ಚಿನ ತಂಡ ಹಳಬರನ್ನೆಲ್ಲ ಕಳಿಸಿ ಹುಡುಗರನ್ನಿಟ್ಟುಕೊಂಡು ಮೊದಲಿನಿಂದ ಶುರು ಮಾಡಿದೆ. ಅಷ್ಟರಲ್ಲಿ 34 ವರ್ಷದವನೊಬ್ಬನನ್ನು ಸೇರಿಸಿಕೊಂಡ ಸುದ್ದಿ ಬರುತ್ತದೆ. ಒಳ್ಳೆಯದಾ, ಕೆಟ್ಟದ್ದಾ? ಜಾಸ್ತಿ ಜನ ಅವನ ಹಳೇ ಅಂಕಿಅಂಶ ತೆಗೆದು ಕೂರುತ್ತಾರೆ. ಅದಕ್ಕೂ ಮೊದಲು, ಅವನು ಯಾರ ಜಾಗದಲ್ಲಿ ಆಡುತ್ತಾನೆ ಅಂತ ನೋಡಿ.

ರೋಸ್ಟರ್‌ನಲ್ಲಿ, ಅಂದರೆ ತಂಡದ ಆಟಗಾರರ ಪಟ್ಟಿಯಲ್ಲಿ, ಇರುವುದು 26 ಜಾಗ. ಅದೇ ಸ್ಥಾನದಲ್ಲಿ ಆಡುವ ಹುಡುಗ ಟ್ರಿಪಲ್-ಎ (ಮೇಜರ್ ಲೀಗ್‌ಗಿಂತ ಒಂದೇ ಮೆಟ್ಟಿಲು ಕೆಳಗಿನ ಮೈನರ್ ಲೀಗ್) ಮಟ್ಟದಲ್ಲಿ ಚೆನ್ನಾಗಿ ಹೊಡೆಯುತ್ತಿದ್ದರೆ ಹಿರಿಯನಿಗೆ ಕೊಡುವ ಒಂದೊಂದು ಪಂದ್ಯವೂ ಆ ಹುಡುಗನಿಂದ ಕಿತ್ತುಕೊಂಡಂತೆ. ಆ ಹುಡುಗನ 'ಆಪ್ಷನ್' ಎಷ್ಟು ಉಳಿದಿದೆ ಅಂತಲೂ ನೋಡಿಕೊಳ್ಳಿ. ಸಾಮಾನ್ಯವಾಗಿ 3 ಸೀಸನ್‌ಗಳಲ್ಲಿ ಮಾತ್ರ ಅವನನ್ನು ಸುಲಭವಾಗಿ ಮೈನರ್ ಲೀಗ್‌ಗೆ ಕಳಿಸಬಹುದು. ಅದು ಮುಗಿದ ಮೇಲೆ ಕೆಳಗೆ ಕಳಿಸಲು ಹೊರಟರೆ ಬೇರೆ ತಂಡ ಎತ್ತಿಕೊಂಡು ಹೋಗಬಹುದು. ಹಿರಿಯನಿಗೋಸ್ಕರ ಅಂಥ ಹುಡುಗನನ್ನು ಕಳೆದುಕೊಳ್ಳುವ ಹಾಗಿದ್ದರೆ ನನ್ನ ಉತ್ತರ ಬೇಡ ಅಂತಲೇ.

ಪಿಚರ್, ಅಂದರೆ ಚೆಂಡು ಎಸೆಯುವವನು, ಆದರೆ ಲೆಕ್ಕ ಬೇರೆ. ಸ್ಟಾರ್ಟರ್‌ಗಳು (ಪಂದ್ಯದ ಶುರುವಿನಿಂದ ಎಸೆಯುವವರು) ಐವರು ಬೇಕು, ಯಾರಿಗಾದರೂ ಕೈ ನೋವು ಬಂದೇ ಬರುತ್ತದೆ, ಹುಡುಗರಿಗೆ ಮೊದಲ ವರ್ಷವೇ ಜಾಸ್ತಿ ಇನಿಂಗ್ಸ್ (ಒಂದು ಪಂದ್ಯಕ್ಕೆ ಒಂಬತ್ತು) ಹೊರಿಸಲೂ ಆಗುವುದಿಲ್ಲ. 2021ರಲ್ಲಿ 110 ಪಂದ್ಯ ಸೋತ ಬಾಲ್ಟಿಮೋರ್ ಓರಿಯೋಲ್ಸ್ ಮುಂದಿನ ವರ್ಷ ಅನುಭವಿ ಪಿಚರ್ ಜೋರ್ಡನ್ ಲೈಲ್ಸ್‌ನನ್ನು ತಂದಿತು. ಅವನೇನೂ ಸ್ಟಾರ್ ಅಲ್ಲ, ಆದರೆ 32 ಪಂದ್ಯ ಶುರು ಮಾಡಿ 179 ಇನಿಂಗ್ಸ್ ಎಸೆದ. ಆ ಹೊರೆ ಹುಡುಗರ ಮೇಲೆ ಬೀಳಲಿಲ್ಲ. ತಂಡ 83 ಗೆದ್ದಿತು.

ಇನ್ನೊಂದು ಲಾಭ ಜುಲೈ ಕೊನೆಗೋ ಆಗಸ್ಟ್ ಮೊದಲಿಗೋ ಬರುವ ಟ್ರೇಡ್ (ತಂಡಗಳ ನಡುವೆ ಆಟಗಾರರ ವಿನಿಮಯ) ಗಡುವಿನದು, ಹೆಚ್ಚು ಸಿಗುವುದು ಅಲ್ಲೇ. ಚಿಕಾಗೋ ಕಬ್ಸ್ 2013ಕ್ಕೆ ಪಿಚರ್ ಸ್ಕಾಟ್ ಫೆಲ್ಡ್‌ಮನ್‌ನನ್ನು ಒಂದೇ ವರ್ಷಕ್ಕೆ, 60 ಲಕ್ಷ ಡಾಲರ್‌ಗೆ ತೆಗೆದುಕೊಂಡಿತು. ತಂಡ ಸೋಲುತ್ತಲೇ ಇತ್ತು, ಅವನು ಮಾತ್ರ ಚೆನ್ನಾಗಿ ಎಸೆದ. ಜುಲೈ 2ರಂದೇ ಓರಿಯೋಲ್ಸ್‌ಗೆ ಕೊಟ್ಟುಬಿಟ್ಟರು. ಬದಲಿಗೆ ಬಂದವರು ಪಿಚರ್‌ಗಳಾದ ಪೆಡ್ರೋ ಸ್ಟ್ರಾಪ್ ಮತ್ತು ಜೇಕ್ ಅರಿಯೇಟಾ. ಆ ವರ್ಷ ಬಾಲ್ಟಿಮೋರ್‌ನಲ್ಲಿ ಅರಿಯೇಟಾನ ಇಆರ್‌ಎ (ಒಂಬತ್ತು ಇನಿಂಗ್ಸ್‌ಗೆ ಪಿಚರ್ ಬಿಟ್ಟುಕೊಡುವ ಸರಾಸರಿ ರನ್, ಕಡಿಮೆ ಇದ್ದಷ್ಟೂ ಒಳ್ಳೆಯದು) 7.23, ಯಾರಿಗೂ ಬೇಡವಾದವನ ಹಾಗಿದ್ದ. ಅದೇ ಅರಿಯೇಟಾ 2015ರಲ್ಲಿ 22 ಪಂದ್ಯ ಗೆದ್ದು ವರ್ಷದ ಶ್ರೇಷ್ಠ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಪಡೆದ, ಮರುವರ್ಷ ಕಬ್ಸ್ 1908ರ ನಂತರ ಮೊದಲ ಸಲ ವರ್ಲ್ಡ್ ಸೀರೀಸ್ (ಲೀಗ್‌ನ ಫೈನಲ್) ಗೆದ್ದಿತು. ಪ್ರತಿ ಸಲ ಇಂಥ ಅದೃಷ್ಟ ಖಂಡಿತ ಕುದುರುವುದಿಲ್ಲ. ಆದರೂ ಒಂದು ವರ್ಷದ ಒಪ್ಪಂದದಲ್ಲಿ ಕಳೆದುಕೊಳ್ಳುವುದು ಎಷ್ಟು ಕಡಿಮೆ ನೋಡಿ.

ಅದಕ್ಕೇ ಒಪ್ಪಂದದ ಅವಧಿ ನೋಡಿ ಅನ್ನುವುದು. ಒಂದು ವರ್ಷ, ಹೆಚ್ಚೆಂದರೆ ಎರಡು. ಟ್ರೇಡ್ ಬೇಡ ಅನ್ನುವ ಹಕ್ಕು ಅವನಿಗಿದೆಯಾ ಅಂತ ಕೂಡ ತಿಳಿದುಕೊಳ್ಳಿ. ಮೇಜರ್ ಲೀಗ್‌ನಲ್ಲಿ 10 ವರ್ಷ, ಅದರಲ್ಲಿ ಕೊನೆಯ 5 ವರ್ಷ ಒಂದೇ ತಂಡದಲ್ಲಿ ಆಡಿದವನು ತನ್ನ ಟ್ರೇಡ್ ತಡೆಯಬಹುದು.

ಬ್ಯಾಟಿಂಗ್ ಮಾತ್ರ ಉಳಿದಿರುವ, ಫಸ್ಟ್ ಬೇಸ್ ಅಥವಾ ಡಿಎಚ್ (ಫೀಲ್ಡಿಂಗ್ ಮಾಡದೆ ಬ್ಯಾಟಿಂಗ್ ಮಾತ್ರ ಮಾಡುವವನು) ಬಿಟ್ಟು ಬೇರೆಲ್ಲೂ ನಿಲ್ಲಲಾಗದ ಹಿರಿಯನ ವಿಷಯದಲ್ಲಿ ತುಂಬಾ ಹುಷಾರಾಗಿರಿ. ಕ್ರಿಸ್ ಡೇವಿಸ್‌ಗೆ ಓರಿಯೋಲ್ಸ್ 2016ರಲ್ಲಿ 7 ವರ್ಷಕ್ಕೆ 16.1 ಕೋಟಿ ಡಾಲರ್ ಕೊಟ್ಟಿತು. 2018ರಲ್ಲಿ ತಂಡ 115 ಸೋತು ಎಲ್ಲ ಬಿಚ್ಚಿ ಕಟ್ಟಲು ಹೊರಟಾಗ ಅವನ ಬ್ಯಾಟಿಂಗ್ ಸರಾಸರಿ ಬರೀ .168, ಅಂದರೆ ನೂರು ಸಲ ಬ್ಯಾಟ್ ಹಿಡಿದರೆ ಸುಮಾರು 17 ಹಿಟ್. ಕೊಡಬೇಕಾದ ಹಣ ಆಡಿಸಿದರೂ ಕೊಡಲೇಬೇಕು, ಕೂರಿಸಿದರೂ ಕೊಡಲೇಬೇಕು. ಹಾಗಿದ್ದ ಮೇಲೆ ಹುಡುಗರ ಬ್ಯಾಟಿಂಗ್ ಅವಕಾಶ ಯಾಕೆ ಹಾಳು ಮಾಡಬೇಕು?

ಡೆಟ್ರಾಯಿಟ್ ಟೈಗರ್ಸ್ ತಂಡದ ಹಿರಿಯ ಬ್ಯಾಟರ್ ಮಿಗೆಲ್ ಕಬ್ರೇರಾ ವಿಷಯದಲ್ಲಿ ನಾನು ಇಷ್ಟು ಕಟುವಾಗಿರಲಾರೆ. ಸೋಲುತ್ತಿದ್ದ ವರ್ಷಗಳಲ್ಲಿ 500ನೇ ಹೋಮ್ ರನ್, 3000ನೇ ಹಿಟ್ ಕಾಯುತ್ತಾ ಜನ ಆಟ ನೋಡಿದರು. ಅಂಥವರು ಒಬ್ಬರೋ ಇಬ್ಬರೋ.

'ಹುಡುಗರಿಗೆ ದಾರಿ ತೋರಿಸುತ್ತಾನೆ' ಅನ್ನುವ ಮಾತಿಗೆ ನಾನು ಸುಮ್ನೆ ಬೆಲೆ ಕೊಡುವುದಿಲ್ಲ, ಕ್ಯಾಚರ್ (ವಿಕೆಟ್ ಕೀಪರ್‌ನಂಥವನು) ಆದರೆ ಮಾತ್ರ ಕೊಡುತ್ತೇನೆ. ಪಿಚರ್ ಜೊತೆ ಪ್ರತಿ ಎಸೆತಕ್ಕೂ ಮಾತುಕತೆ ನಡೆಸುವವನು ಅವನೇ ಅಲ್ವಾ. 2022ರಲ್ಲಿ ಓರಿಯೋಲ್ಸ್‌ನಲ್ಲಿ ಹಿರಿಯ ರಾಬಿನ್ಸನ್ ಚಿರಿನೋಸ್ ಮೊದಲು ಆ ಜಾಗ ನೋಡಿಕೊಂಡ. ಮೇ ತಿಂಗಳಲ್ಲಿ ಹುಡುಗ ಆಡ್ಲಿ ರಚ್‌ಮನ್ ಬಂದಾಗ ಬಿಟ್ಟುಕೊಟ್ಟು ಬೆಂಚಿಗೆ ಸರಿದ. ಹುಡುಗ ಬಂದ ದಿನ ಹೀಗೆ ಸರಿಯಬಲ್ಲವನೇ ಬೇಕು.

ದೊಡ್ಡ ಒಪ್ಪಂದ ಯಾವಾಗಲೂ ತಪ್ಪೇ ಅಂತಲ್ಲ, ಸಮಯ ನೋಡಬೇಕು ಅಷ್ಟೇ. 2010ರಲ್ಲಿ 93 ಸೋತ ವಾಷಿಂಗ್ಟನ್ ನ್ಯಾಷನಲ್ಸ್ ಹಿರಿಯ ಆಟಗಾರ ಜೇಸನ್ ವರ್ತ್‌ಗೆ 7 ವರ್ಷದ ಒಪ್ಪಂದ ಕೊಟ್ಟಾಗ ಭರವಸೆಯ ಹುಡುಗರಲ್ಲಿ ಪಿಚರ್ ಸ್ಟ್ರಾಸ್‌ಬರ್ಗ್ ಆಗಲೇ ಬಂದಿದ್ದ, ಬ್ಯಾಟರ್ ಹಾರ್ಪರ್ ಬರುವವನಿದ್ದ. 2012ರಲ್ಲಿ 98 ಗೆಲುವು. ಅಂಥ ಹುಡುಗರು ಇನ್ನೂ ಮೂರು ವರ್ಷ ದೂರವಿದ್ದರೆ ಅದೇ ಒಪ್ಪಂದ ಬರೀ ದಂಡ.

ಗಡುವು ಕಳೆದರೂ ಹಿರಿಯ ಅಲ್ಲೇ ಉಳಿದುಬಿಟ್ಟರೆ? ಆಗಸ್ಟ್‌ನಲ್ಲಿ ಅವನನ್ನು ವೇವರ್ಸ್‌ಗೆ, ಅಂದರೆ ಬೇರೆ ತಂಡಗಳು ಎತ್ತಿಕೊಳ್ಳಬಹುದಾದ ಪಟ್ಟಿಗೆ, ಬಿಡಬಹುದು, ಬೇಕಾದ ತಂಡ ಸಂಬಳ ಸಮೇತ ತೆಗೆದುಕೊಳ್ಳುತ್ತದೆ. ಆಗಸ್ಟ್ 31ರೊಳಗೆ ಹೊಸ ತಂಡ ಸೇರಿದರೆ ಪ್ಲೇಆಫ್ (ಸೀಸನ್ ಕೊನೆಯ ನಾಕೌಟ್ ಹಂತ) ಆಡಲೂ ಅವಕಾಶ ಇರುತ್ತದೆ, ಅವನಿಗೂ ಅದೇ ಒಳ್ಳೆಯದು. ಸೆಪ್ಟೆಂಬರ್‌ನಲ್ಲಿ ರೋಸ್ಟರ್ 28ಕ್ಕೆ ಏರುತ್ತದೆ. ಆ ತಿಂಗಳು ಪೂರ್ತಿ ಹುಡುಗರನ್ನೇ ಆಡಿಸಿ.